ಕಿಂಡಿಯಲ್ಲಿ ಇಳಿಬಿಟ್ಟ ಮೈಕು

ಹಲ್ಲಕ್ಕನಿಗೆ ಮೊದಲು ಅನುಮಾನ ಬಂದದ್ದು ಮೊಟ್ಟೆಯ ಟ್ರೇಗಳಿಂದ.

ಹಲ್ಲಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ದಂತವೈದ್ಯರೊಬ್ಬರ ದವಾಖಾನೆಯ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲು ಮಾಡುವುದು ಅವಳ ಕೆಲಸ. ಅಚ್ಚು ಹೊಯ್ಯುವುದು, ಮೇಣದಲ್ಲಿ ವಸಡು ತಿದ್ದುವುದು, ಕೊನೆಗೆ ಗಿರ್ರನೆ ತಿರುಗುವ ಚಕ್ರಕ್ಕೆ ಹಿಡಿದು ಹೊಳಪು ಬರಿಸುವುದು. ಬೀದಿಯ ಮುದುಕರಲ್ಲಿ ಅರ್ಧದಷ್ಟು ಜನ ಅವಳು ಮಾಡಿಕೊಟ್ಟ ಹಲ್ಲಿನಿಂದಲೇ ಅವಳನ್ನು ಬೈಯುತ್ತಿದ್ದರು. ಬೈಯಲು ಕಾರಣವೂ ಇತ್ತು. ಅವಳು ಯಾರನ್ನೂ ನಂಬುತ್ತಿರಲಿಲ್ಲ. ತರಕಾರಿಯವನ ತಕ್ಕಡಿಯನ್ನು ಕೆಳಗಿನಿಂದ ಬಗ್ಗಿ ನೋಡುವಳು. ಗಡಿಯಾರದ ಅಂಗಡಿಯವನು ರಿಪೇರಿ ಮಾಡಿಕೊಟ್ಟ ಗಡಿಯಾರವನ್ನು ಅವನ ಮುಂದೆಯೇ ಇನ್ನೊಬ್ಬನಿಗೆ ತೋರಿಸುವಳು. ಯಾರಾದರೂ ನಕ್ಕರೆ ಅವಳಿಗೆ ಮೊದಲು ಕಾಣುವುದು ಹಲ್ಲು, ಆಮೇಲೆ ಕಾಣುವುದು ಉದ್ದೇಶ. ಹರೆಯದಲ್ಲಿ ನೋಡಲು ಬಂದಿದ್ದ ಒಬ್ಬ ಗಂಡು ಅವಳ ಪ್ರಶ್ನೆಗಳ ಹೊಡೆತಕ್ಕೆ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದ. ಆಮೇಲೆ ಯಾರೂ ಬರಲಿಲ್ಲ, ಅವಳೂ ಕಾಯಲಿಲ್ಲ. ಹೆಂಡತಿಯನ್ನು ಕಳೆದುಕೊಂಡ ತಮ್ಮ ಅವಳ ಜೊತೆಗೇ ಇದ್ದ. ಅವನು ಲಿಫ್ಟ್ ರಿಪೇರಿಯವನು, ಮಾತು ಕಡಿಮೆ.

ಅವರ ಮನೆ ಒಂದನೇ ಮಹಡಿಯಲ್ಲಿ. ಕೆಳಗೆ ಒಂದು ಕಾಲದಲ್ಲಿ ಚಪ್ಪಲಿ ತುಂಬಿಡುತ್ತಿದ್ದ ಗೋದಾಮು ಬಹಳ ದಿನದಿಂದ ಖಾಲಿ ಬಿದ್ದಿತ್ತು. ಒಂದು ಭಾನುವಾರ ಅದರ ಷಟರು ಮೇಲೆದ್ದಿತು. ಮೂವರು ಒಳಗೆ ಹೋದರು: ಗೂನುಬೆನ್ನಿನ ಉದ್ದದ ಒಬ್ಬ, ಬೇಕರಿಯಲ್ಲಿ ಬ್ರೆಡ್ ಕೊಯ್ಯುವ ಯುವಕನೊಬ್ಬ, ಮತ್ತೆ ತಲೆಗೂದಲನ್ನು ತಾನೇ ಕತ್ತರಿಸಿಕೊಂಡಂತಿದ್ದ ಒಬ್ಬಳು ಯುವತಿ. ಹಾಸಿಗೆ ಹೊದಿಕೆ ಸುತ್ತಿದ ಭಾರದ ಪೆಟ್ಟಿಗೆಗಳನ್ನು ಇಳಿಸಿದರು. ಹರಕು ಹಾಸಿಗೆಗಳು ಬಂದವು. ಕೊನೆಗೆ ಎದೆಯುದ್ದ ಪೇರಿಸಿದ ಖಾಲಿ ಮೊಟ್ಟೆ ಟ್ರೇಗಳು.

"ಇಷ್ಟು ಮೊಟ್ಟೆ ಯಾರು ತಿಂದ್ರು?" ಹಲ್ಲಕ್ಕ ಪರದೆಯ ಸಂದಿಯಿಂದ ಕಣ್ಣು ತೆಗೆಯದೆ ಕೇಳಿದಳು.

"ಖಾಲಿ ಟ್ರೇ ಅಕ್ಕ ಅವು," ಅಂದ ತಮ್ಮ.

"ಅದೇ ನಾನು ಹೇಳ್ತಿರೋದು. ಮೊಟ್ಟೆ ಎಲ್ಲಿ ಹೋಯ್ತು?"

ಸ್ವಲ್ಪ ಹೊತ್ತಿಗೆ ನೆಲ ಅದುರಿತು. ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಕಟಕಟ ಎಂದವು. ಯಾರೋ ಡಬ್ಬ ಬಡಿದ ಹಾಗೆ, ಯಾರೋ ಗರಗಸ ಎಳೆದ ಹಾಗೆ, ಅದರ ನಡುವೆ ಆ ಹುಡುಗಿ ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಹಲ್ಲಕ್ಕ ಬಾಗಿಲ ಚಿಲಕ ಹಾಕಿದಳು. ತಮ್ಮ ಕಿವಿಗೊಟ್ಟು ಕೇಳಿ, "ಪಂಕ್ ಅಕ್ಕ ಇದು. ಒಂಥರಾ ಸಂಗೀತ," ಅಂದ.

"ಪಂಕವಾ? ಹಾಗಂದ್ರೆ ಕೆಸರು. ಸರಿಯಾಗೇ ಇಟ್ಟಿದಾರೆ ಹೆಸರು."

ಮಾರನೆಯ ದಿನವೇ ಅವಳು ಮನೆ ಮಾಲೀಕನ ಅಂಗಡಿಗೆ ಹೋಗಿ ನಿಂತಳು. ಪೆಟ್ಟಿಗೆ, ಹೊದಿಕೆ, ಟ್ರೇ, ಕೂಗು, ಎಲ್ಲ ಒಪ್ಪಿಸಿದಳು. ಹಾಡಿನ ಸೋಗಿನಲ್ಲಿ ಇನ್ನೇನೋ ನಡೆಯುತ್ತಿದೆ ಎಂದಳು. ಮಾಲೀಕ ತಲೆಯಾಡಿಸಿದ. "ಸಾಕ್ಷಿ ತಂದ್ಕೊಡಮ್ಮ. ಅದರಲ್ಲಿ ಹೊಲಸು ಮಾತಿದ್ರೆ ಇನ್ನೂ ಒಳ್ಳೇದು. ಆಮೇಲೆ ನಾನು ನೋಡ್ಕೋತೀನಿ."

ಅವಳ ಅಡುಗೆಮನೆಯ ಮೂಲೆಯಲ್ಲಿ ಹಳೆಯ ಹೊಗೆಕೊಳವೆಯ ಒಂದು ಕಿಂಡಿ ಇತ್ತು. ಅದು ನೇರ ಗೋದಾಮಿಗೆ ಇಳಿಯುತ್ತಿತ್ತು. ತಮ್ಮನ ಕ್ಯಾಸೆಟ್ ರೆಕಾರ್ಡರಿಗೆ ಉದ್ದದ ವೈರು ಕಟ್ಟಿಸಿ, ತುದಿಯ ಮೈಕನ್ನು ಮುಂದಿನ ಭಾನುವಾರ ಕಿಂಡಿಯಲ್ಲಿ ಇಳಿಬಿಟ್ಟಳು. ವೈರು ಕಟ್ಟಿಕೊಟ್ಟ ತಮ್ಮ ಒಂದು ಮಾತನ್ನೂ ಆಡಲಿಲ್ಲ. ಅವನ ಮೌನದ ಮೇಲೂ ಅವಳಿಗೆ ಒಂದಿಷ್ಟು ಅನುಮಾನ ಬಂತು.

ಸಾಕ್ಷಿಯೇನೋ ಸಿಕ್ಕಿತು. ಆದರೆ ಹೊಲಸು ಮಾತು ಯಾವುದು ಎಂದು ತೋರಿಸಬೇಕಲ್ಲ? ತಲೆಬುಡ ತಿಳಿಯುತ್ತಿರಲಿಲ್ಲ. ಹಾಗಾಗಿ ರೆಕಾರ್ಡರನ್ನೂ ಕಿವಿಗೆ ಸಿಕ್ಕಿಸುವ ಹೆಡ್‌ಫೋನನ್ನೂ ತೆಗೆದುಕೊಂಡು ದವಾಖಾನೆಗೆ ಹೋದಳು. ಚಕ್ರಕ್ಕೆ ಹಿಡಿದು ಕಟ್ಟುಹಲ್ಲು ಉಜ್ಜುತ್ತ ಕೇಳಿದಳು. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದಳು. ಮೊದಲು ಕಿವಿಗೆ ಬಿದ್ದದ್ದು "ಇಸ್ತ್ರಿ" ಎಂಬ ಶಬ್ದ. ಇದೇನೋ ಗುಟ್ಟಿನ ಸಂಕೇತವಿರಬೇಕು ಎಂದುಕೊಂಡಳು. ಇನ್ನೆರಡು ದಿನಕ್ಕೆ ಇಡೀ ಪಲ್ಲವಿ ಬಿಡಿಸಿಕೊಂಡಿತು:

ನಿನ್ನ ಅಂಗಿ ನನ್ನ ಕೈಲಿ
ನಿನ್ನ ಕಲೆ ನನ್ನ ಮೈಲಿ
ಇಸ್ತ್ರಿ ಇಸ್ತ್ರಿ ಇಸ್ತ್ರಿ!

ಹುಡುಗಿ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಕೆಲಸಕ್ಕಿದ್ದಾಳೆಂದು ತಮ್ಮ ಹೇಳಿದ. ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ, "ಅವಳ ಕೈ ನೋಡಿದೆ, ಸುಟ್ಟ ಗಾಯ," ಎಂದ. ಹಲ್ಲಕ್ಕ ತನ್ನ ಕೈ ನೋಡಿಕೊಂಡಳು. ಮೇಣದ ಬಿಸಿಗೆ ಹೆಬ್ಬೆರಳ ಹತ್ತಿರ ಅವಳಿಗೂ ಅಂಥದೇ ಒಂದು ಕಲೆಯಿತ್ತು. ಇದರಲ್ಲಿ ಹೊಲಸೇನೂ ಇಲ್ಲ ಎಂದು ಮುಂದಿನ ಹಾಡಿಗೆ ಹೋದಳು.

ಮುಂದಿನದು ಶುರುವಾಗುವ ಮೊದಲೇ ಮುಗಿಯುವಂಥ ಹಾಡು. ಬಡಿತ ಹೆಚ್ಚು, ಮಾತು ಕಡಿಮೆ. ಆದರೆ ಮಾತು ಸ್ಪಷ್ಟವಾಗಿತ್ತು. ಮಾಲೀಕ ನಕ್ಕರೆ ನಂಬಲ್ಲ. ಮೇಸ್ತ್ರಿ ಹೊಗಳಿದರೆ ನಂಬಲ್ಲ. ನಾಳೆ ಕೊಡ್ತೀನಿ ಅಂದ್ರೆ ನಂಬಲ್ಲ. ನಿನ್ನ ಒಳ್ಳೇದಕ್ಕೇ ಅಂದ್ರೆ ಮೊದಲೇ ನಂಬಲ್ಲ. ನಂಬಲ್ಲ, ನಂಬಲ್ಲ, ನಂಬಲ್ಲ.

ಹಲ್ಲಕ್ಕ ಚಕ್ರ ನಿಲ್ಲಿಸಿದಳು. ಕೈಯಲ್ಲಿ ಯಾರದೋ ಮೇಲಿನ ಸಾಲಿನ ಹಲ್ಲು. ಹುಟ್ಟಿದಾಗಿನಿಂದ ಅವಳ ಅಮ್ಮ, ಚಿಕ್ಕಮ್ಮ, ನೆರೆಯವರು, ವೈದ್ಯರು, ಎಲ್ಲರೂ ಅವಳಿಗೆ ಒಂದೇ ಪಾಠ ಹೇಳಿದ್ದರು: ಇಷ್ಟು ಅನುಮಾನ ಒಳ್ಳೆಯದಲ್ಲ. ಅವಳಿಗೂ ಅದೊಂದು ರೋಗವೇ ಇರಬಹುದೆಂದು ಅನ್ನಿಸಿತ್ತು. ಈಗ ಯಾರೋ ಒಬ್ಬಳು ಆ ರೋಗವನ್ನೇ ತಲೆಯ ಮೇಲೆ ಹೊತ್ತು, ಡಬ್ಬ ಬಡಿಸಿಕೊಂಡು ಕುಣಿಯುತ್ತಿದ್ದಾಳೆ. ಹಲ್ಲಕ್ಕ ಮತ್ತೆ ಆ ಹಾಡು ಹಾಕಿದಳು. ಮತ್ತೆ. ವೈದ್ಯರು ಒಳಗೆ ಬಂದು ಭುಜ ಮುಟ್ಟಿದಾಗ ಬೆಚ್ಚಿಬಿದ್ದಳು.

"ಏನಮ್ಮ, ಹಲ್ಲು ಕಡೀತಿದೀರಾ?"

"ಹಾಡು ಕೇಳ್ತಿದೀನಿ," ಎಂದಳು. ಆ ಕೋಣೆಯಲ್ಲಿ ಆ ಮಾತು ಎಂದೂ ಕೇಳಿಬಂದಿರಲಿಲ್ಲ.

ಭಾನುವಾರಗಳು ಸಾಗಿದವು, ಮೈಕು ಇಳಿಯುತ್ತಲೇ ಇತ್ತು. ಸಾಕ್ಷಿ ಇನ್ನೂ ಸಾಲದು ಎಂದು ಅವಳು ಹೇಳಿಕೊಳ್ಳುವಳು. ಹಾಗಿರುವಾಗ ಒಂದು ಕ್ಯಾಸೆಟ್ಟಿನಲ್ಲಿ ಹೊಸ ಹಾಡು ಬಂತು. "ಮೇಲ್ಮನೆ ಕಿವಿ, ಮೇಲ್ಮನೆ ಕಿವಿ, ನೀಲಿ ಪರದೆ ಹಿಂದೆ ಏನ್ ಕಸುಬು?" ಅವಳು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಕೇಳಿದಳು. ಪರದೆ ಬದಲಾಯಿಸಿ ವಾರವೂ ಆಗಿರಲಿಲ್ಲ. ಹಾಡಿನಲ್ಲಿ "ನೀಲಿ ಪರದೆ" ಎಂದೇ ಇತ್ತು. ಒಳಗಿನ ಸುದ್ದಿ ಹೊರಗೆ ಹೋಗುತ್ತಿದೆ. ಹೇಳುವವರು ಯಾರು?

ತಮ್ಮ ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದ. ಅವಳು ಅವನ ಎದುರು ನಿಂತಳು.

"ನೀನು ಕೆಳಗೆ ಹೋಗ್ತೀಯ. ಸುಳ್ಳು ಹೇಳ್ಬೇಡ."

"ಒಂದ್ಸಲ ಹೋಗಿದ್ದೆ. ಫ್ಯೂಸ್ ಹೋಗಿತ್ತು ಅವರದ್ದು."

"ನನ್ನ ವಿಷಯ ಏನು ಹೇಳ್ದೆ?"

"ಏನೂ ಹೇಳಿಲ್ಲ ಅಕ್ಕ."

"ಮತ್ತೆ ಅವರಿಗೆ ಹೆಂಗೆ ಗೊತ್ತಾಯ್ತು ನಾನು ಕೇಳಿಸ್ಕೋತೀನಿ ಅಂತ?"

ತಮ್ಮ ಬೂಟನ್ನು ಕೆಳಗಿಟ್ಟ. ನಗು ತಡೆಯಲು ಮೂಗು ಹಿಡಿದುಕೊಂಡ. "ಅಕ್ಕ, ನೀನು ವೈರು ಪೂರ್ತಿ ಬಿಟ್ಟಿದೀಯ. ಆ ಮೈಕು ಕಿಂಡಿಯಿಂದ ಹೊರಗೆ ಬಂದು ಅವಳ ಮೂಗಿನ ಮುಂದೇನೇ ತೂಗಾಡ್ತಿದೆ. ಮೊದಲನೇ ದಿನದಿಂದ. ನೀಲಿ ಪರದೆಯಂತೂ ಬೀದಿಗೇ ಕಾಣುತ್ತೆ."

ಹಲ್ಲಕ್ಕ ಕುರ್ಚಿ ಹುಡುಕಿ ಕೂತಳು. "ಮತ್ತೆ ಅವರು ಸುಮ್ನೆ ಯಾಕಿದಾರೆ?"

"ಅವರ ಮೈಕು ಕೆಟ್ಟುಹೋಗಿದೆ. ಯಾರೋ ಪುಣ್ಯಾತ್ಮರು ಮೇಲಿಂದ ಬಿಟ್ಟಿದಾರೆ, ಇರ್ಲಿ ಅಂತ ಅದರೊಳಗೇ ಹಾಡ್ತಿದಾರೆ. ಸದ್ದೇನೂ ದೊಡ್ಡದಾಗಲ್ಲ, ಬರೀ ಸಂತೋಷಕ್ಕೆ."

ಅವಳಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆದರೆ ನಾಚಿಕೆ ಅವಳಲ್ಲಿ ಬಹಳ ಹೊತ್ತು ನಿಲ್ಲುವಂಥದ್ದಲ್ಲ. ಭಾನುವಾರ ಮಧ್ಯಾಹ್ನ ಮೆಟ್ಟಿಲಿಳಿದು ಹೋಗಿ ಷಟರಿಗೆ ಬಡಿದಳು. ಒಳಗೆ ಸದ್ದು ನಿಂತಿತು. ಷಟರು ಮೊಣಕಾಲಿನಷ್ಟು ಮಾತ್ರ ಮೇಲೆದ್ದಿತು. ಹುಡುಗಿ ಬಗ್ಗಿ ನೋಡಿದಳು.

"ಯಾರು? ಮಾಲೀಕ ಕಳ್ಸಿದ್ನಾ?"

"ಯಾರೂ ಕಳ್ಸಿಲ್ಲ. ಮೇಲ್ಮನೆ ಕಿವಿ ನಾನೇ."

"ಏನಕ್ಕೆ ಬಂದ್ರಿ?"

"ಮೊಟ್ಟೆ ಟ್ರೇ ಏನಕ್ಕೆ ಅಂತ ಕೇಳೋಣ ಅಂತ."

ಹುಡುಗಿ ಅವಳನ್ನು ಚಪ್ಪಲಿಯಿಂದ ತಲೆಯವರೆಗೆ ಅಳೆದಳು. ಅವಳ ಕಣ್ಣಿನಲ್ಲಿದ್ದ ಸಂಶಯ ಹಲ್ಲಕ್ಕನಿಗೆ ಅಪರಿಚಿತವಾಗಿರಲಿಲ್ಲ. ಕನ್ನಡಿ ನೋಡಿದ ಹಾಗಾಯಿತು. ಕೊನೆಗೆ ಷಟರು ಇನ್ನೊಂದಿಷ್ಟು ಎದ್ದಿತು. ಒಳಗೆ ಗೋಡೆಯ ತುಂಬ ಟ್ರೇಗಳನ್ನು ಮೊಳೆ ಹೊಡೆದು ಕೂರಿಸಿದ್ದರು.

"ಸದ್ದು ಹೊರಗೆ ಹೋಗದೇ ಇರ್ಲಿ ಅಂತ," ಅಂದ ಬೇಕರಿಯವನು, ಡ್ರಮ್ಮಿನ ಹಿಂದಿನಿಂದ. "ನಿಮಗೆ ತೊಂದ್ರೆ ಆಗ್ಬಾರ್ದು ಅಂತ."

"ಏನೂ ಪ್ರಯೋಜನ ಇಲ್ಲ," ಅಂದಳು ಹಲ್ಲಕ್ಕ. "ಎಲ್ಲಾ ಕೇಳಿಸುತ್ತೆ. ಇಸ್ತ್ರಿ ಹಾಡಲ್ಲಿ ಪಲ್ಲವಿ ಆದ್ಮೇಲಿನ ಸಾಲು ನುಂಗ್ತೀಯ ನೀನು. ಯಾಕೆ?"

ಹುಡುಗಿ ಷಟರಿನಿಂದ ಕೈ ತೆಗೆದಳು. "ಅದು ಮಾತು ಸಿಕ್ಕಿರ್ಲಿಲ್ಲ ಆಂಟಿ. ಸುಮ್ನೆ ಏನೋ ಕೂಗ್ತೀನಿ."

"ಅಂದ್ಕೊಂಡೆ. ಮಿಕ್ಕದ್ದೆಲ್ಲ ಎಷ್ಟು ಸತ್ಯವೋ, ಆ ಸಾಲು ಅಷ್ಟೇ ಸುಳ್ಳು ಅನ್ಸುತ್ತೆ."

ಗೂನುಬೆನ್ನಿನವನು ಮೊದಲ ಸಲ ನಕ್ಕ. ಯಾರೂ ಅವಳಿಗೆ ಕುರ್ಚಿ ಕೊಡಲಿಲ್ಲ, ಅವಳೂ ಕೇಳಲಿಲ್ಲ. ಸ್ಪೀಕರ್ ಪೆಟ್ಟಿಗೆಯೊಂದರ ಅಂಚಿನಲ್ಲಿ ಚೀಲ ಗಟ್ಟಿಯಾಗಿ ಹಿಡಿದು ಕೂತು, ಅವರು ನುಡಿಸಿದ್ದನ್ನೆಲ್ಲ ಕೇಳಿ, ಹೇಳದೆ ಕೇಳದೆ ಎದ್ದು ಬಂದಳು.

ಆ ವಾರದಲ್ಲೇ ಮಾಲೀಕ ಮಹಡಿ ಹತ್ತಿ ಬಂದ. ಕೈಯಲ್ಲಿ ಬಿಸ್ಕತ್ತಿನ ದೊಡ್ಡ ಪೊಟ್ಟಣ. ಮಲಗುವ ಕೋಣೆಯ ಗೋಡೆ ಒದ್ದೆಯಾಗಿ ಸುಣ್ಣ ಉದುರಿ ಎಷ್ಟೋ ಕಾಲವಾಗಿತ್ತು. ಅವಳು ಹೇಳಿ ಹೇಳಿ ಸುಸ್ತಾದರೂ ಆತ ಇತ್ತ ಮುಖ ಹಾಕಿರಲಿಲ್ಲ.

"ಬಿಸ್ಕತ್ತು ಯಾಕೆ ತಂದ್ರಿ?" ಎಂದು ಕೇಳಿದಳು.

"ಸುಮ್ನೆ ಅಮ್ಮಾ. ಆ ಸಾಕ್ಷಿ ಸಿಕ್ತಾ? ಬೇಗ ಕೊಟ್ಬಿಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಅವಳ ಕಿವಿಯಲ್ಲಿ ಡ್ರಮ್ಮು ಶುರುವಾಯಿತು. ಒಳಗೆ ಹೋಗಿ, ತುಸು ಯೋಚಿಸಿ, ಒಂದು ಕ್ಯಾಸೆಟ್ಟು ತಂದುಕೊಟ್ಟಳು. ಎರಡು ದಿನ ಬಿಟ್ಟು ಆತ ಬೀದಿಯಲ್ಲೇ ಸಿಕ್ಕ. ಸುತ್ತ ನಾಲ್ಕು ಬಾಡಿಗೆದಾರರೂ ಇದ್ದರು.

"ಕೇಳ್ದೆ ಅಮ್ಮಾ, ಕೇಳ್ದೆ! ಛೀ, ಎಂಥಾ ಹೊಲಸು ಮಾತುಗಳು! ಅಕ್ಕತಂಗಿಯರಿರೋ ಕಟ್ಟಡದಲ್ಲಿ ಆಡೋ ಮಾತಾ ಅವು?"

"ಅದರಲ್ಲಿ ಒಂದು ಮಾತೂ ಇಲ್ವಲ್ಲ ಯಜಮಾನ್ರೇ," ಅಂದಳು ಹಲ್ಲಕ್ಕ. "ಅದು ನಾನು ಹಲ್ಲು ಉಜ್ಜೋ ಮೆಷಿನ್ನಿನ ಸದ್ದು, ದವಾಖಾನೇಲಿ ಕೈತಪ್ಪಿ ರೆಕಾರ್ಡ್ ಆಗಿದ್ದು. ಕೇಳ್ದೇನೇ ಇಷ್ಟು ಅವಸರ ಯಾಕೆ ನಿಮಗೆ? ಅವರನ್ನ ಖಾಲಿ ಮಾಡಿಸಿದ ಮೇಲೆ ಯಾರನ್ನ ಖಾಲಿ ಮಾಡಿಸ್ತೀರಿ?"

ಮಾಲೀಕ ಅಂಗಡಿಗೆ ಹೊತ್ತಾಯಿತೆಂದು ಹೊರಟ. ಬಾಡಿಗೆದಾರರು ಮುಖ ಮುಖ ನೋಡಿಕೊಂಡರು. ಅಂದಿನಿಂದ ಅವರೂ ಪ್ರಶ್ನೆ ಕೇಳಲು ಶುರುಮಾಡಿದರು, ತಿಂಗಳೊಪ್ಪತ್ತಿನಲ್ಲಿ ನಿಜ ಹೊರಬಿತ್ತು. ಇಡೀ ಕಟ್ಟಡವನ್ನು ಯಾರಿಗೋ ಮಾರುವ ಮಾತುಕತೆ ನಡೆದಿತ್ತು, ಒಬ್ಬೊಬ್ಬರನ್ನೇ ಏನಾದರೊಂದು ನೆಪ ಹಿಡಿದು ಖಾಲಿ ಮಾಡಿಸಬೇಕಿತ್ತು. ಗೋದಾಮಿನವರು ಮೊದಲ ಮೆಟ್ಟಿಲು. ಎಲ್ಲರೂ ಒಟ್ಟಿಗೆ ನಿಂತ ಮೇಲೆ ಆ ಮಾತು ಅಲ್ಲಿಗೇ ಬಿತ್ತು. ಮುದುಕರು ಹಲ್ಲಕ್ಕನನ್ನು ಬೈಯುವುದನ್ನೇನೂ ಬಿಡಲಿಲ್ಲ. ಆದರೆ ಹೊಸ ಮುಖ ಬೀದಿಗೆ ಬಂದರೆ, "ಸ್ವಲ್ಪ ನೋಡಮ್ಮ ಇವನು ಯಾರು ಅಂತ," ಎಂದು ಅವಳನ್ನೇ ಕಳಿಸುತ್ತಿದ್ದರು.

ಗೋದಾಮಿನ ಹಾಡು ಮಾತ್ರ ಹೆಚ್ಚು ಕಾಲ ಉಳಿಯಲಿಲ್ಲ. ಹುಡುಗಿಗೆ ದೂರದ ಊರಿನ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಮೇಲಿನ ಕೆಲಸ ಸಿಕ್ಕಿತು, ಹೋದಳು. ಗೂನುಬೆನ್ನಿನವನು ಮದುವೆಯಾದ. ಗೋದಾಮಿಗೆ ಬಾತ್‌ರೂಮಿನ ಟೈಲ್ಸಿನವರು ಬಂದರು. ಭಾನುವಾರ ಮಧ್ಯಾಹ್ನ ಲೋಟಗಳು ಅಲುಗಾಡದೆ ಕೂತಿರುವುದನ್ನು ಕಂಡು ಹಲ್ಲಕ್ಕನಿಗೆ ಏನೋ ಸಂಚು ನಡೆದಿದೆ ಎನ್ನಿಸುತ್ತಿತ್ತು.

ವರ್ಷಗಳಾದ ಮೇಲೆ ಬೇಕರಿಯವನು ಬಂದು ಬಾಗಿಲು ತಟ್ಟಿದ. ಈಗ ಅವನದೇ ಬೇಕರಿ, ಹೊಟ್ಟೆಯೂ ಬಂದಿತ್ತು. ಅವರು ಎಂದೂ ಹಾಡುಗಳನ್ನು ರೆಕಾರ್ಡ್ ಮಾಡಿಸಿರಲಿಲ್ಲ. ಪ್ರಪಂಚದಲ್ಲಿ ಆ ಹಾಡುಗಳು ಎಲ್ಲಾದರೂ ಉಳಿದಿದ್ದರೆ ಅದು ಅವಳ ಮನೆಯಲ್ಲಿ ಮಾತ್ರ.

"ಈಗ ಯಾಕೆ ಬೇಕು?" ಕೇಳಿದಳು.

"ಕೇಳೋಕೆ ಆಂಟಿ."

"ಯಾರು ಕೇಳೋಕೆ? ಅವಳಿಗೆ ಗೊತ್ತಾ ನೀನು ಬಂದಿರೋದು?"

ಹುಡುಗಿಗೆ ಫೋನು ಹಚ್ಚಿಸಿ, ಅವಳ ಬಾಯಿಂದಲೇ ಹೇಳಿಸಿಕೊಂಡಳು. "ಸರಿಯಾಗಿ ಮಾಡಿದ್ರಿ ಆಂಟಿ, ಅವನನ್ನ ನಾನೂ ನಂಬಲ್ಲ," ಎಂದು ಆ ಕಡೆಯಿಂದ ನಗು ಕೇಳಿತು. ಹಲ್ಲಕ್ಕ ಪ್ರತಿ ಮಾಡಿಸಿಕೊಟ್ಟಳು. ಮೂಲದ ಕ್ಯಾಸೆಟ್ಟುಗಳನ್ನು ಕೈಗೆ ಕೊಡಲಿಲ್ಲ, ನೋಡಲೂ ಬಿಡಲಿಲ್ಲ. ಆ ಪ್ರತಿಯನ್ನು ಕೇಳಿದ ಯಾವುದೋ ಹೊಸ ಪಂಕ್ ತಂಡದವರು "ನಂಬಲ್ಲ" ಹಾಡನ್ನು ತಾವೂ ಹಾಡುತ್ತೇವೆ, ಬನ್ನಿ ಎಂದು ಬೇಕರಿಯವನ ಮೂಲಕ ಹೇಳಿಕಳಿಸಿದರು.

ಹಳೆಯ ಸಿನಿಮಾ ಮಂದಿರವೊಂದರಲ್ಲಿ ಸಂಜೆಯ ಕಾರ್ಯಕ್ರಮ. ತಮ್ಮ ಗಾಡಿ ನಿಲ್ಲಿಸಿ ಬರುವಷ್ಟರಲ್ಲಿ ಅವಳೊಬ್ಬಳೇ ಬಾಗಿಲಿಗೆ ಹೋದಳು. ಅಲ್ಲಿ ನಿಂತಿದ್ದವನು, ಕಿವಿಯ ತುಂಬ ಉಂಗುರ ಹಾಕಿಕೊಂಡವನು, ಅಡ್ಡ ಕೈ ಇಟ್ಟ.

"ಯಾರನ್ನ ಹುಡುಕ್ತಿದೀರಾ ಅಮ್ಮಾ? ಮಗ ಒಳಗಿದಾನಾ?"

"ನನಗೆ ಮಕ್ಕಳಿಲ್ಲ."

"ಮತ್ತೆ?"

"ಹಾಡು ಕೇಳೋಕೆ ಬಂದಿದೀನಿ. ಅದನ್ನ ಹಾಳುಮಾಡ್ತಾರೋ ಏನೋ ಅಂತ ನೋಡ್ಬೇಕು."

ಅವನು ಅವಳ ಚೀಲ ತೆರೆಸಿ ನೋಡಿದ. ಛತ್ರಿ, ಕನ್ನಡಕ, ನೀರಿನ ಬಾಟಲಿ. ಅವನು ಅಷ್ಟು ಸಂಶಯದಿಂದ ನೋಡಿದ್ದು ಅವಳಿಗೆ ಹಿಡಿಸಿತು. ಒಳಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಹಾಡು ಶುರುವಾಯಿತು. ತುಂಬಾ ವೇಗ ಮಾಡಿದ್ದರು. ಹಾಡುವವನು ಮಾತ್ರ ಮಾತು ನುಂಗಲಿಲ್ಲ. ಮೊದಲ "ನಂಬಲ್ಲ" ಕೇಳಿದಾಗ ಅವಳು ತುಟಿ ಬಿಗಿದೇ ಇದ್ದಳು. ಎರಡನೆಯದಕ್ಕೆ ಸುತ್ತಲಿನವರೆಲ್ಲ ಕೂಗಿದರು. ಮೂರನೆಯದಕ್ಕೆ ಪಕ್ಕದಲ್ಲಿ ಬಂದು ನಿಂತ ತಮ್ಮನಿಗೆ ಅಕ್ಕನ ಗಂಟಲು ಕೇಳಿಸಿತು, ಅವನು ಹುಟ್ಟಿದಾಗಿನಿಂದ ಕೇಳದಿದ್ದ ಗಂಟಲು. ಅವನು ತಿರುಗಿ ನೋಡಲಿಲ್ಲ. ನೋಡಿದರೆ ನಿಲ್ಲಿಸಿಬಿಡುತ್ತಾಳೆಂದು ಅವನಿಗೆ ಗೊತ್ತಿತ್ತು.