ಕಡಲ ತಳದ ಗೆರೆ, ಬಸವರಾಜೇಶ್ವರಿಯವರ ಸಿಟ್ಟು

ಬಸವೇಶ್ವರನಗರದ ಬಸವರಾಜೇಶ್ವರಿಯವರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ತರಕಾರಿ ಗಾಡಿಯವನಿಂದ ಹಿಡಿದು ಪೂಜೆಗೆ ತಡವಾಗಿ ಬರುವ ಅಯ್ಯನವರ ತನಕ ಅವರಿಂದ ಬೈಸಿಕೊಳ್ಳದವರಿಲ್ಲ. ಆದರೆ ೨೦೦೬ರ ಆ ಸಂಜೆ ಬಂದಂಥ ಸಿಟ್ಟು ಹುಟ್ಟಿದಾಗಿನಿಂದ ಬಂದಿರಲಿಲ್ಲ.

ಸೊಸೆ ಸೌಮ್ಯಶ್ರೀಗೆ ರಾಜಾಜಿನಗರದ ಒಂದು ಆಫೀಸಿನಲ್ಲಿ ಕೆಲಸ. ಹಡಗಿನಿಂದ ಕಡಲೊಳಗೆ ಸದ್ದು ಬಿಟ್ಟರೆ ತಳಕ್ಕೂ ಅದರಡಿಯ ಪದರಗಳಿಗೂ ಬಡಿದು ಮರಳುತ್ತದಲ್ಲ, ಆ ಮಾರ್ದನಿಯ ಚಿತ್ರ ಓದುವುದು. ಸಂತೆಯಲ್ಲಿ ಮಡಕೆ ಬಡಿದು ನೋಡಿದ ಹಾಗೆ ಎಂದು ಅತ್ತೆ ಅರ್ಥ ಮಾಡಿಕೊಂಡಿದ್ದರು. ಬಂಗಾಳ ಕೊಲ್ಲಿಯ ಚಿತ್ರದಲ್ಲಿ ಸೌಮ್ಯ ಒಂದು ಗೆರೆ ಹುಡುಕಿದ್ದಳು. ಮಣ್ಣಿನ ಪದರಗಳನ್ನು ಕತ್ತರಿಸಿಕೊಂಡು, ಕಡಲ ತಳದ ಏರಿಳಿತವನ್ನೇ ಹಿಂಬಾಲಿಸುವ ಗೆರೆ. ಅದರ ಮೇಲೆ ಉರಿಯುವ ಅನಿಲ ಹಿಡಿದಿಟ್ಟ ಮಂಜುಗಡ್ಡೆ, ಅಂದರೆ ಹೈಡ್ರೇಟ್, ಇರಬಹುದು ಎಂಬುದಕ್ಕೆ ಅದೇ ಸುಳಿವು. ಈಗ ಅಲ್ಲೇ ಕೊರೆದು ನೋಡಲು ಹಡಗು ಹೊರಡಲಿತ್ತು. ಮೇಲೆ ಬಂದ ಗಡ್ಡೆ ನೋಡನೋಡುತ್ತಲೇ ಕರಗಿಹೋಗುತ್ತದೆ. ಕಣ್ಣಾರೆ ಕಾಣಬೇಕೆಂದರೆ ಹಡಗಿನಲ್ಲೇ ಇರಬೇಕು. ಸೌಮ್ಯ ಬಟ್ಟೆಬರೆ ಜೋಡಿಸಿಟ್ಟಿದ್ದಳು.

ಆ ಸಂಜೆ ಅಳುತ್ತ ಬಂದಳು. ಅವಳ ಬದಲು ಜೊತೆ ಕೆಲಸದ ಕಲ್ಮೇಶ್ ಹೋಗುವುದಂತೆ.

"ಅತ್ತೆ, ಮಗು ಚಿಕ್ಕದು, ನಿಮ್ಮತ್ತೆಗೆ ಕಷ್ಟ ಆಗುತ್ತೆ ಅಂದ್ರು ನಮ್ಮ ಬಾಸ್ ಪುರುಷೋತ್ತಮ್ ಸಾರ್."

"ನನಗೆ ಕಷ್ಟಾನಾ? ನನ್ನ ಕೇಳಿದ್ನೇನೇ ಅವನು?"

ಮರುದಿನ ಆಟೋ ಹತ್ತಿ ಆಫೀಸಿಗೇ ನುಗ್ಗಿದರು.

"ಏನ್ರೀ, ನಾಲ್ಕು ಮಕ್ಕಳನ್ನ ಸಾಕಿರೋಳಿಗೆ ಒಂದು ಮೊಮ್ಮಗು ಭಾರಾನಾ? ಹೆಂಗಸನ್ನ ಕಳಿಸೋಕೆ ನಿಮಗಿಷ್ಟ ಇಲ್ಲ ಅಂತ ಬಾಯ್ಬಿಟ್ಟು ಹೇಳಿ. ನನ್ನ ಹೆಸರು ಯಾಕ್ರೀ ತರ್ತೀರಾ?"

"ಅಮ್ಮಾ, ನಿಮ್ಮ ಒಳ್ಳೇದಕ್ಕೇ ಮಾಡಿದ್ದು," ಎಂದರು ಪುರುಷೋತ್ತಮ್. "ಕಲ್ಮೇಶ್ ಬೆಳಗ್ಗೇನೇ ಹೊರಟುಹೋದ್ರು."

"ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು!" ಇಡೀ ಆಫೀಸಿಗೆ ಕೇಳುವಂತೆ ಕೂಗಿ ಹೊರಬಂದರು. ಆಟೋದಲ್ಲಿ ಕೂತರೂ ಮೈಯೆಲ್ಲ ಉರಿಯುತ್ತಿತ್ತು. ಥೂ, ಎಂಥ ಜನ!

ಹಡಗಿನಿಂದ ಮರಳಿದ ಕಲ್ಮೇಶ್ ಸಿಹಿ ಹಿಡಿದು ಮನೆಗೇ ಬಂದ.

"ನೀವು ತೋರಿಸಿದ ಜಾಗದಲ್ಲೇ ಸಿಕ್ತು ಮೇಡಂ! ಬೆಳ್ಳಗೆ, ಐಸ್ ಥರಾನೇ. ಕಡ್ಡಿ ಗೀರಿದ್ರೆ ಧಗ್ ಅಂತ ಉರೀತು! ಕರಗಿದ ಮೇಲೆ ನಿಮಗೋಸ್ಕರ ಅಂತ ಸ್ವಲ್ಪ ಎತ್ತಿಟ್ಟೆ," ಎಂದು ಪುಟ್ಟ ಬಾಟಲಿ ಮುಂದಿಟ್ಟ.

ಸೌಮ್ಯ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಬಸವರಾಜೇಶ್ವರಿ ಸಿಹಿಯ ಡಬ್ಬಿಯನ್ನು ಅವನ ಕಡೆಗೇ ತಳ್ಳಿದರು.

"ಉರಿಯೋದನ್ನ ನೀನು ನೋಡಿದೆ. ಹುಡುಕಿದೋಳಿಗೆ ನೀರು ತಂದಿದೀಯಾ?"