ಮರೆವ್ವ ಬ್ಯಾರಲ್ ಬೋರಲು ಹಾಕಿದ್ದು

ತಿರ್ಲಾಪುರದ ಮರೆವ್ವ ಓದದೆ ಎಲ್ಲಿಯೂ ಸಹಿ ಹಾಕುವವಳಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಓದುವುದು ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು, ಅದೂ ಗಟ್ಟಿಯಾಗಿ. ರೇಷನ್ ಅಂಗಡಿಯಿರಲಿ, ಬ್ಯಾಂಕಿರಲಿ, ಹಿಂದೆ ನಿಂತವರು ಅವಳು ಮುಗಿಸುವವರೆಗೆ ಕಾಯಲೇಬೇಕು. ಯಾರಾದರೂ ಗೊಣಗಿದರೋ, ಒಮ್ಮೆ ತಿರುಗಿ ನೋಡಿ ಮೊದಲಿನಿಂದ ಮತ್ತೆ ಶುರು ಮಾಡುತ್ತಾಳೆ.

ಫೆಬ್ರುವರಿಯ ಒಂದು ಮಂಗಳವಾರ ಎರಿಹೊಲ ರೈತರ ಕಂಪನಿಯ ಆಫೀಸಿಗೆ ಅವಳನ್ನು ಕರೆಸಿ ಮುಂದೊಂದು ಕಾಗದ ಇಟ್ಟರು. ಎದುರಿಗೆ ಕೂತವರು ಇಬ್ಬರು. ಒಬ್ಬ ಕಂಪನಿಯ ಅಧ್ಯಕ್ಷ ಕುಬೇರಪ್ಪ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಮೆಣಸಿನಕಾಯಿ ಬೆಳೆಯುವವನು, ಎಲ್ಲರಿಗಿಂತ ಕಡಿಮೆ ಕೇಳಿಸಿಕೊಳ್ಳುವವನು. ಇನ್ನೊಬ್ಬ ಧಾರವಾಡದಲ್ಲಿ ಓದಿ ನಾಲ್ಕು ತಿಂಗಳ ಹಿಂದೆ ಬಂದ ಮ್ಯಾನೇಜರ್ ಈರೇಶ. ಮರೆವ್ವ ಓದಿದಳು. ಮೆಣಸಿನಕಾಯಿಗೆ ನೀರು ಹೊಡೆದು ಒಂದು ಲಾರಿ ಮಾಲು ಕೆಡಿಸಿದ್ದಕ್ಕಾಗಿ ಕಣದ ಮುಖ್ಯಸ್ಥೆ ಮರೆವ್ವಳನ್ನು ಕೆಲಸದಿಂದ ತೆಗೆಯಲಾಗಿದೆ, ತಪ್ಪನ್ನು ಅವಳು ಒಪ್ಪಿಕೊಂಡಿದ್ದಾಳೆ ಎಂದಿತ್ತು. ಕೆಳಗೆ ಅವಳ ಹೆಸರು, ಅದರ ಮುಂದೆ ಸಹಿಗೆ ಖಾಲಿ ಜಾಗ.

"ಒಪ್ಪಿಕೊಂಡಾಕಿ ಯಾರ್ರಿ?" ಎಂದು ಕೇಳಿದಳು.

ನೀರು ಹೊಡೆಯುವುದು ಎಂದರೇನೆಂದು ಹೊರಗಿನವರಿಗೆ ಹೇಳಬೇಕು. ಚೆನ್ನಾಗಿ ಒಣಗಿದ ಬ್ಯಾಡಗಿ ಕಾಯಿ ಒತ್ತಿದರೆ ಪುಡಿಯಾಗುತ್ತದೆ. ನಮ್ಮ ಕಡೆ ಅದನ್ನು ಚೀಲಕ್ಕೆ ತುಂಬುವ ಪದ್ಧತಿ ಹೀಗೆ: ಒಬ್ಬಳು ಚೀಲದೊಳಗೇ ಇಳಿದು, ಸುತ್ತಿನವರು ಹಾಕುತ್ತ ಹೋದ ಹಾಗೆ ಕಾಲಿನಿಂದ ತುಳಿದು ಬಿಗಿ ಮಾಡುತ್ತಾಳೆ. ಒಣಕಾಯಿಯನ್ನು ಹಾಗೆ ತುಳಿದರೆ ಉಳಿಯುವುದು ಬೀಜ ಮತ್ತು ಸಿಪ್ಪೆ. ಆದ್ದರಿಂದ ತುಂಬುವ ಮುಂಚೆ ಬೇವಿನ ತೊಪ್ಪಲನ್ನು ನೀರಿನಲ್ಲಿ ಅದ್ದಿ ರಾಶಿಯ ಮೇಲೆ ಝಾಡಿಸುತ್ತಾರೆ. ಹೆಚ್ಚಾದರೆ ಕೊಳೆಯುತ್ತದೆ, ಕಡಿಮೆಯಾದರೆ ಒಡೆಯುತ್ತದೆ. ಆ ಹದವನ್ನು ಮರೆವ್ವ ಅತ್ತೆಯಿಂದ ಕಲಿತಳು, ಕಲಿತ ಮೇಲೆ ಅತ್ತೆಯನ್ನೂ ಮೀರಿಸಿದಳು. ಮೂವತ್ತು ವರ್ಷ ಸುತ್ತಲಿನ ಹತ್ತು ಊರುಗಳಲ್ಲಿ ನೀರು ಹೊಡೆಯುವುದೆಂದರೆ ಮರೆವ್ವನ ಕೈಯೇ ಆಗಬೇಕಿತ್ತು. ಇದೇ ಕುಬೇರಪ್ಪ ಅವಳು ಬರುವ ತನಕ ತನ್ನ ಕಣದಲ್ಲಿ ಒಂದು ಚೀಲವನ್ನೂ ತುಂಬಿಸುತ್ತಿರಲಿಲ್ಲ. ಆಗಿನ ವ್ಯಾಪಾರಿಗಳಿಗೆ ಬೇಕಾದದ್ದು ಮಿರುಗುವ ಬಣ್ಣ, ಬಿಗಿಯಾದ ಚೀಲ. ಕೊಂಡವರು ಮರುದಿನವೇ ಬಿಚ್ಚಿ ಮತ್ತೆ ಬಿಸಿಲಿಗೆ ಹರವಿಕೊಳ್ಳುತ್ತಿದ್ದರು. ಆ ವ್ಯವಹಾರಕ್ಕೆ ಆ ನೀರು ಸರಿಯಾಗಿಯೇ ಇತ್ತು.

ಕಂಪನಿ ಆದ ಮೇಲೆ ವ್ಯವಹಾರ ಬೇರೆಯಾಯಿತು. ಕೇರಳದ ಒಂದು ಮಸಾಲೆ ಕಾರ್ಖಾನೆ ನೇರವಾಗಿ ಕೊಳ್ಳುತ್ತೇನೆಂದಿತು. ಈರೇಶ ಆಫೀಸಿನ ಗೋಡೆಗೆ ದೊಡ್ಡದೊಂದು ಹಾಳೆ ಅಂಟಿಸಿ ಮೇಲ್ತುದಿಯಲ್ಲಿ ಕೆಂಪು ಅಕ್ಷರದಲ್ಲಿ ಬರೆದ: "ನಮ್ಮ ಗುರಿ: ಒಣ ಕಾಯಿ, ಇಡೀ ಕಾಯಿ, ಬೂಷ್ಟಿಲ್ಲದ ಕಾಯಿ." ಚಂದದ ಮಾತು, ಯಾರೂ ತಕರಾರು ತೆಗೆಯುವ ಹಾಗಿಲ್ಲ. ಅದರ ಕೆಳಗಿನ ಸಾಲುಗಳು ಮಾತ್ರ ಹಳೆಯವೇ. ಕೆಲಸ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು. ದಿನಕ್ಕೆ ನಲವತ್ತು ಚೀಲ. ಚೀಲ ಬಿಗಿಯಾಗಿರತಕ್ಕದ್ದು. ಕಾಯಿಯ ತೇವ ಅಳೆಯುವ ಹೊಸ ಯಂತ್ರವೊಂದು ಬಂದಿತ್ತು. ಅದು ಡಬ್ಬಿಯೊಳಗೆ ಭದ್ರವಾಗಿ ಆಫೀಸಿನ ಕಪಾಟಿನಲ್ಲಿತ್ತು.

ಎರಡನೇ ವಾರವೇ ಮರೆವ್ವ ಆ ಹಾಳೆಯ ಮುಂದೆ ನಿಂತು ಕೇಳಿದ್ದಳು. "ತುಳೀಬೇಕಂದ್ರ ನೀರ ಬೇಕ್ರಿ. ನೀರ ಬ್ಯಾಡಂದ್ರ ತುಳ್ಯೂದ ಬಿಡಬೇಕ್ರಿ. ಎರಡರಾಗ ಯಾವದು?" ಈರೇಶ ಫೋನಿನಲ್ಲಿದ್ದ. ಕೈ ಅಡ್ಡ ಹಿಡಿದು, "ಏನರೆ ಹೊಂದಿಸಿಕೊಂಡ ಹೋಗ್ರಿ ಅವ್ವಾ" ಎಂದ.

ಹೊಂದಿಸಿಕೊಂಡು ಹೋಗುವುದು ನಮ್ಮ ದೇಶದಲ್ಲಿ ಯಾವಾಗಲೂ ಕೆಳಗೆ ನಿಂತವರ ಪಾಲಿನ ಕೆಲಸ. ಮರೆವ್ವ ಹೊಂದಿಸಿದಳು. ಅಂದರೆ, ನೀರು ಹೊಡೆದಳು. ಅವಳ ಹದದಲ್ಲಿ ಲೋಪವಿರಲಿಲ್ಲ. ಆದರೆ ತುಳಿದ ಚೀಲಗಳು ತಾಡಪತ್ರಿಯ ಕೆಳಗೆ ಲಾರಿಯಲ್ಲಿ ಮೂರು ದಿನ ಕುದಿದವು. ಕೇರಳದಲ್ಲಿ ಬಿಚ್ಚಿದಾಗ ಒಳಗೆಲ್ಲ ಬಿಳಿ ಬೂಷ್ಟು. ಇಡೀ ಮಾಲು ಬಂದ ದಾರಿಯಲ್ಲೇ ತಿರುಗಿ ಬಂತು, ಮತ್ತೊಮ್ಮೆ ಹೀಗಾದರೆ ವ್ಯವಹಾರವೇ ಬೇಡ ಎಂಬ ಪತ್ರದ ಜೊತೆಗೆ. ಆಡಳಿತ ಮಂಡಳಿ ಒಂದು ತಾಸು ಕೂತು ತಪ್ಪು ಯಾರದೆಂದು ಹುಡುಕಿ ತೆಗೆಯಿತು. ಹುಡುಕಲು ಅವರು ಕಣದ ತನಕವೂ ಹೋಗಲಿಲ್ಲ.

"ನೀರ ಹೊಡದಿ ಇಲ್ಲೋ?" ಕುಬೇರಪ್ಪ ಮೇಜಿನ ಮೇಲೆ ಕೈಯೂರಿ ಕೇಳಿದ.

"ಹೊಡದೇನ್ರಿ. ಕೈ ನಂದ, ಇಲ್ಲ ಅನ್ನೂದಿಲ್ಲ. ಆದ್ರ ದಿನಾ ಸಂಜಿಕೆ ನಲವತ್ತ ಆಗ್ಯಾವಿಲ್ಲೋ ಅಂತ ಎಣಸಾಕ ಬರತಿದ್ದಾಂವ ಯಾರು? ಚೀಲ ಸಡ್ಲ ಐತಿ, ಇನ್ನಷ್ಟ ತುಳಸ್ರಿ ಅಂತ ಬೆರಳಿಲೆ ಚುಚ್ಚಿ ಚುಚ್ಚಿ ನೋಡತಿದ್ದಾಂವ ಯಾರು? ನಾಲ್ಕ ತಿಂಗಳದಾಗ ಕಾಯಿ ಒಣಗೇತೇನ ಬೇ ಅಂತ ನಿಮ್ಮೊಳಗ ಒಬ್ಬರರೆ ನನ್ನ ಕೇಳೀರೇನು?"

"ಗ್ವಾಡಿ ಮ್ಯಾಲೆ ಅಷ್ಟ ದೊಡ್ಡದಾಗಿ ಬರದೈತಲ್ಲ! ಓದಾಕ ಬರತದಲ್ಲ ನಿನಗ?"

"ಬರತದ್ರಿ. ಅದಕ್ಕ ಹೇಳಾಕತ್ತೇನಿ. ಅಲ್ಲಿ ಮ್ಯಾಲಿನ ಸಾಲಿಗೂ ಕೆಳಗಿನ ಸಾಲಿಗೂ ಜಗಳ ಐತಿ. ನಡುವ ಸಿಕ್ಕಾಕಿ ನಾನು."

ಸಹಿ ಹಾಕದೆ, ಅವರು ಕೊಟ್ಟ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು ಎದ್ದಳು. ಹೊರಗೆ ಬಂದಳು. ಅವಳಿಗೆ ಹೆದರಿಕೆಯಾಗಿತ್ತು, ಅದನ್ನು ಮುಚ್ಚಿಡುವುದೇಕೆ? ಕೂಲಿ ಹೋದರೆ ಬೇರೆ ಕಣ ಸಿಗುತ್ತದೆ. ಮಾಲು ಕೆಡಿಸಿದವಳು ಎಂಬ ಹೆಸರು ಬಂದರೆ ಹತ್ತು ಊರಿನಲ್ಲಿ ಯಾವ ಕಣವೂ ಸಿಗುವುದಿಲ್ಲ. ಮೂವತ್ತು ವರ್ಷ ಸಂಪಾದಿಸಿದ್ದು ಅದೊಂದೇ, ಕೈಯ ಹೆಸರು. ಅದನ್ನು ಒಂದು ಸಹಿಯಲ್ಲಿ ಇಸಿದುಕೊಳ್ಳಲು ಹೊರಟಿದ್ದರು. ಹೆದರಿಕೆಗಿಂತ ಸಿಟ್ಟು ದೊಡ್ಡದಾಗಿದ್ದರಿಂದ ಅವಳು ಅಲ್ಲಿಂದ ನಡೆದು ಮನೆ ಸೇರಿದಳು.

ಕಣದಲ್ಲಿ ಇಪ್ಪತ್ತೆರಡು ಹೆಂಗಸರು. ಚೀಲ ತುಳಿಯುವ ಜರೀನಾಬಿ ಸುದ್ದಿ ಕೇಳಿದ್ದೇ ಮೂಗಿಗೆ ಕಟ್ಟಿದ ಬಟ್ಟೆ ಬಿಚ್ಚಿ ಆಫೀಸಿನ ಬಾಗಿಲಿಗೆ ಹೋದಳು. "ತುಳದಾಕಿ ನಾನ್ರಿ. ನನ್ನ ಹೆಸರೂ ಹಾಕ್ರಿ ಆ ಕಾಗದದಾಗ" ಎಂದಳು. ಅವಳ ಹಿಂದೆ ಉಳಿದವರೂ ಬಂದರು. ಮರುದಿನ ಕಣಕ್ಕೆ ಯಾರೂ ಹೋಗಲಿಲ್ಲ. ಸುಗ್ಗಿಯ ನಡುಮಧ್ಯೆ, ಹೊಲಹೊಲದಲ್ಲೂ ಕಾಯಿ ಬಿಡಿಸುತ್ತಿರುವಾಗ, ಬೇರೆ ಆಳು ತರುತ್ತೇನೆಂದು ಕುಬೇರಪ್ಪ ಎರಡು ದಿನ ಜೀಪು ಓಡಿಸಿದ. ಎಲ್ಲ ಕಡೆ ಕೈ ಮುಗಿದು ಕಳಿಸಿದರು.

ಮೂರನೇ ದಿನ ಈರೇಶ ಒಬ್ಬನೇ ಮರೆವ್ವನ ಮನೆಗೆ ಬಂದ. ಬಾಗಿಲಲ್ಲಿ ನಿಂತವನನ್ನು ಅವಳು ಒಳಗೆ ಕರೆದು ಚಹಾ ಕೊಟ್ಟಳು. ಸಿಟ್ಟು ಸಿಟ್ಟಿನ ಜಾಗದಲ್ಲಿ, ಚಹಾ ಚಹಾದ ಜಾಗದಲ್ಲಿ. ಅವನು ಲೋಟ ಹಿಡಿದುಕೊಂಡೇ ಹೇಳಿದ. "ಗುರಿಗೂ ಕೆಲಸಕ್ಕೂ ತಾಳ ಇರಬೇಕು ಅಂತ ಕಾಲೇಜಿನಾಗ ಒಂದ ವರ್ಷ ಓದೇನಿ ಅವ್ವಾ. ಪರೀಕ್ಷಿಗೂ ಬಂದಿತ್ತು."

"ಪಾಸಾಗಿದ್ದೀ?"

"ಹೌದ್ರಿ. ಛಲೋ ಮಾರ್ಕ್ಸ ಬಂದಿದ್ದುವು."

ಮರೆವ್ವನಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ, ಆಮೇಲೆ ತಲೆ ತಗ್ಗಿಸಿದ. ಮುಂದಿನ ಲಾರಿ ಎಂಟು ದಿನಕ್ಕೆ ಹೋಗಬೇಕು, ಅದೂ ತಿರುಗಿ ಬಂದರೆ ಕಂಪನಿಗೆ ಬಾಗಿಲು ಹಾಕುವುದೇ ಎಂದ.

"ಎಂಟ ದಿನ ಕಣ ನನ್ನ ಕೈಯಾಗ ಕೊಡು. ಹೊತ್ತು ನಾ ಹೇಳಿದ್ದು. ಚೀಲ ಎಣಸಾಕ ಯಾರೂ ಬರಬಾರದು. ಆ ಯಂತ್ರ ಕಪಾಟಿನಾಗಿಂದ ತಗದ ಕಣದಾಗ ಇಡು. ಈ ಮಾಲೂ ತಿರುಗಿ ಬಂತಂದ್ರ ಆ ಕಾಗದಕ್ಕ ನಾನ ಬಂದ ಸಹಿ ಹಾಕತೇನಿ."

ಕುಬೇರಪ್ಪ ಒಪ್ಪಿದ. ಒಪ್ಪದೆ ಅವನಿಗೆ ಬೇರೆ ದಾರಿ ಇರಲಿಲ್ಲ.

ಮರೆವ್ವ ಕಣಕ್ಕೆ ಬಂದು ಮಾಡಿದ ಮೊದಲ ಕೆಲಸ, ನೀರಿನ ನೀಲಿ ಬ್ಯಾರಲನ್ನು ಎಳೆದು ನೀರೆಲ್ಲ ಚೆಲ್ಲಿ ಬೋರಲು ಹಾಕಿದ್ದು. ಆಮೇಲೆ ಅದರ ಮೇಲೆ ಕೂತಳು. ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಈ ಕೈಗೆ ಹೆಸರು ತಂದದ್ದೇ ಆ ಬ್ಯಾರಲು. ಅವಳಿಗೂ ಒಳಗೆ ಚುರುಕ್ ಎಂದಿತು, ಆದರೆ ಅದನ್ನು ಹೇಳಿಕೊಳ್ಳುತ್ತ ಕೂಡಲು ಹೊತ್ತಿರಲಿಲ್ಲ.

ಮರುದಿನದಿಂದ ಕೆಲಸ ಬೆಳಗಿನ ಐದಕ್ಕೆ ಶುರುವಾಯಿತು. ರಾಶಿಯನ್ನು ಗೋದಾಮಿನಿಂದ ತೆಗೆದು ಗೋಡೆಯಿಲ್ಲದ ತಗಡಿನ ಚಪ್ಪರದ ಕೆಳಗೆ ಹರವಿಸಿದ್ದಳು. ಇಬ್ಬನಿ ಕಾಯಿಯ ಮೇಲೆ ಬೀಳಬಾರದು, ಇಬ್ಬನಿಯ ತಂಪು ಗಾಳಿ ಮಾತ್ರ ಬಡಿಯಬೇಕು. ಆ ಹೊತ್ತಿನಲ್ಲಿ ಕಾಯಿ ತಾನಾಗಿಯೇ ಮೆತ್ತಗಿರುತ್ತದೆ, ಕೆಟ್ಟ ಕಾಯಿ ಬೇರ್ಪಡಿಸಲು ಎಷ್ಟು ಕೈಯಾಡಿಸಿದರೂ ಒಡೆಯುವುದಿಲ್ಲ. ಕಾಯಿ ಬೆಳೆಯುವ ಪ್ರತಿ ಮನೆಗೂ ಗೊತ್ತಿರುವ ಮಾತಿದು. ಒಂಬತ್ತಕ್ಕೆ ಬಾಗಿಲು ತೆರೆಯುವ ಆಫೀಸಿಗೆ ಗೊತ್ತಾಗುವುದು ಹೇಗೆ? ಒಂಬತ್ತರೊಳಗೆ ಆರಿಸಿ ಮುಗಿಸುವುದು, ಮೂರರವರೆಗೆ ಬಿಸಿಲಿಗೆ ಬಿಡುವುದು, ಆಮೇಲೆ ಕಾಲು ಹಾಕದೆ, ಮಗುವನ್ನು ಮಲಗಿಸಿದ ಹಾಗೆ ಕೈಯಿಂದ ಚೀಲಕ್ಕೆ ಇಳಿಸುವುದು. ಮರೆವ್ವ ಒಂದೊಂದು ರಾಶಿಯಿಂದ ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ಒಳಗೆ ಬೀಜ ಸಪ್ಪಳ ಮಾಡಿದರೆ ಹೂಂ ಅನ್ನುವಳು. ಈರೇಶ ಯಂತ್ರ ಹಿಡಿದು ನೋಡುವನು. ಮೊದಲೆರಡು ದಿನ ಅವಳನ್ನು ಪರೀಕ್ಷಿಸಲು ನೋಡಿದ, ಆಮೇಲೆ ಯಂತ್ರವನ್ನು ಪರೀಕ್ಷಿಸಲು.

ಜರೀನಾಬಿಗೆ ತುಳಿಯುವ ಕೆಲಸ ಹೋಗಿ ಏನು ಮಾಡಬೇಕೆಂದು ತಿಳಿಯದಾಗಿತ್ತು. ಮರೆವ್ವ ಅವಳಿಗೆ ಆ ಯಂತ್ರವನ್ನು ಕಲಿಸಲು ಈರೇಶನಿಗೆ ಹೇಳಿದಳು. ಇಷ್ಟು ವರ್ಷ ಪಾದದಿಂದಲೇ ಕಾಯಿಯ ಒಣ ಹಸಿ ಬಲ್ಲವಳು, ಎರಡೇ ದಿನದಲ್ಲಿ ಕಲಿತಳು.

ಎಂಟನೇ ದಿನ ಲಾರಿ ಬಂತು. ತುಳಿಯದ ಚೀಲ ಉಬ್ಬಿಕೊಂಡು ಜಾಗ ತಿಂದವು. ಅರ್ಧ ಮಾಲು ಏರುವುದರೊಳಗೆ ಲಾರಿ ತುಂಬಿತು. ಉಳಿದರ್ಧ ಕೆಳಗೇ ಬಿದ್ದಿತ್ತು, ಅದರಲ್ಲಿ ಕುಬೇರಪ್ಪನ ಸ್ವಂತ ಹೊಲದ ಕಾಯಿಯೇ ಹೆಚ್ಚು. ಸುದ್ದಿ ಮುಟ್ಟಿದ ಕೂಡಲೇ ಅವನು ಬಂದ. ಕಣದ ಸುತ್ತ ಊರ ಮಂದಿ ನೆರೆದಿದ್ದರು.

"ಇಷ್ಟ ಮಾಲ ಇಲ್ಲೇ ಬಿಟ್ಟ ಹೋಗೂದೇನು? ಬಿಚ್ಚರಿ ಚೀಲ! ನಾಲ್ಕ ಹನಿ ನೀರ ಝಾಡಸಿ ತುಳದ ಹಾಕ್ರಿ. ಏಳ ಬೇ ಮರೆವ್ವಾ, ಬ್ಯಾರಲ್ ತುಂಬಸು."

ಮರೆವ್ವ ಬೋರಲು ಬ್ಯಾರಲಿನ ಮೇಲೇ ಕೂತಿದ್ದಳು. ಏಳಲಿಲ್ಲ. ಈ ಕುಬೇರಪ್ಪನ ತಂದೆ ಬಂದರೆ ಅವಳ ಅತ್ತೆ ಎದ್ದು ದೂರ ಸರಿದು ನಿಲ್ಲುತ್ತಿದ್ದಳು. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಅವಳು ಕೂತೇ ಇದ್ದದ್ದನ್ನು ಎಲ್ಲರೂ ನೋಡಿದರು.

"ಏಳೂದಿಲ್ರಿ."

"ಏನಂದಿ?"

"ಏಳೂದಿಲ್ಲ ಅಂದೆ. ನಾಲ್ಕ ಹನಿ ಅಂತೀರಿ. ಆ ನಾಲ್ಕ ಹನಿಗೇ ಹ್ವಾದ ಸಲ ಲಾರಿ ತಿರುಗಿ ಬಂತು. ಒಣ ಕಾಯಿ ಕಳಸ್ತೇವಿ ಅಂತ ಮಾತ ಕೊಟ್ಟಾವ್ರು ನೀವು. ನಿಮ್ಮ ಮಾತ ಉಳಸಾಕ ನಾ ಇಲ್ಲಿ ಕುಂತೇನಿ. ನೀವ ಮುರೀತೀರೇನು?"

ಕುಬೇರಪ್ಪನ ಮುಖ ಕಾಯಿಯ ಬಣ್ಣಕ್ಕೆ ತಿರುಗಿತು. ಮ್ಯಾನೇಜರನ ಕಡೆ ನೋಡಿದ. ಈರೇಶನ ನೌಕರಿಯೂ ಅಧ್ಯಕ್ಷರ ಕೈಯಲ್ಲೇ ಇತ್ತು. ಜರೀನಾಬಿ ಕೊನೆಯ ಚೀಲದಿಂದ ಒಂದು ಹಿಡಿ ಕಾಯಿ ತೆಗೆದು ಯಂತ್ರಕ್ಕೆ ಹಾಕಿ, ಅದನ್ನು ಈರೇಶನ ಮುಂದೆ ಹಿಡಿದಳು. ಅವನು ಅಂಕಿ ನೋಡಿದ. ಕುಬೇರಪ್ಪನಿಗೂ ತೋರಿಸಿದ. ಆಮೇಲೆ ಡ್ರೈವರನಿಗೆ ಕೈ ಮಾಡಿ, "ಹೊಂಡ್ರಿ. ಉಳದದ್ದಕ್ಕ ಇನ್ನೊಂದ ಗಾಡಿ ತರಸ್ತೇನಿ" ಎಂದ.

ಒಂಬತ್ತು ದಿನ ಯಾವ ಸುದ್ದಿಯೂ ಇಲ್ಲ. ಮರೆವ್ವ ದಿನವೂ ಐದಕ್ಕೆ ಕಣಕ್ಕೆ ಬಂದಳು, ಆದರೆ ಊಟ ಸೇರುತ್ತಿರಲಿಲ್ಲ. ಹತ್ತನೇ ದಿನ ಪತ್ರ ಬಂತು. ಮಾಲು ಪೂರ್ತಿ ಒಪ್ಪಿಗೆಯಾಗಿದೆ, ಸುಗ್ಗಿ ಮುಗಿಯುವ ತನಕ ಇದೇ ಕಾಯಿ ಬೇಕು, ಹೀಗೆಯೇ ತುಂಬಿ ಕಳಿಸಬೇಕು ಎಂದಿತ್ತು.

ಕುಬೇರಪ್ಪ ಕೆಟ್ಟವನೇನಲ್ಲ. ಗೆದ್ದಾಗ ಅವನಿಗೆ ದೊಡ್ಡ ಮನಸ್ಸು ಬರುತ್ತದೆ. ಅವಳನ್ನು ಆಫೀಸಿಗೆ ಕರೆಸಿ, ಕುರ್ಚಿ ತೋರಿಸಿ, ಹಳೆಯ ಕಾಗದವನ್ನು ಡ್ರಾವರಿನಿಂದ ತೆಗೆದ. "ಆದದ್ದಾತು ಬಿಡು ಮರೆವ್ವಾ. ಇದನ ನಿನ್ನ ಕಣ್ಣ ಮುಂದ ಹರದ ಹಾಕತೇನಿ. ಏನೂ ಆಗಿಲ್ಲ ಅಂತ ತಿಳಕೋ" ಎಂದು ಎರಡೂ ಕೈಯಲ್ಲಿ ಹಿಡಿದ.

"ಹರಿಬ್ಯಾಡ್ರಿ."

ಅವನ ಕೈ ನಿಂತಿತು.

"ಏನೂ ಆಗಿಲ್ಲ ಅನಬ್ಯಾಡ್ರಿ, ಆಗೇತಿ. ನೀರ ಹೊಡದದ್ದು ಖರೆ, ಮಾಲ ಕೆಟ್ಟದ್ದೂ ಖರೆ. ಇದನ ಹರದ್ರ ಮುಂದಿನ ವರ್ಷ ಮತ್ತ ನಲವತ್ತ ಚೀಲ ಅಂತ ಬರೀತೀರಿ, ಮತ್ತ ಯಾವಾಕೆರೆ ಒಬ್ಬಾಕಿ ಹೊಂದಿಸಿಕೊಂಡ ಹೋಗತಾಳ. ಕಾಗದ ಇರಲಿ, ನನ್ನ ಹೆಸರೂ ಇರಲಿ. ನೀರ ಯಾಕ ಹೊಡೀಬೇಕಾತು ಅಂತ ಅದರ ಕೆಳಗ ಬರೀರಿ. ಬರದಾದ ಮ್ಯಾಲೆ, ಹಂಗ ನೀರ ಹೊಡಿಸಿದಾವ್ರ ಹೆಸರ ನನ್ನ ಹೆಸರಿನ ಬಾಜೂಕ ಹಾಕ್ರಿ."

ಈರೇಶ ಕಾಗದ ಇಸಿದುಕೊಂಡು ನಾಲ್ಕು ಸಾಲು ಬರೆದ. ಒಂಬತ್ತರ ಹೊತ್ತು, ನಲವತ್ತು ಚೀಲ, ಕಪಾಟಿನೊಳಗಿನ ಯಂತ್ರ, ಎಲ್ಲ ಬರೆದ. ಕೆಲಸದಿಂದ ತೆಗೆಯಲಾಗಿದೆ ಎಂದಿದ್ದ ಸಾಲನ್ನು ಅಡ್ಡ ಗೆರೆ ಎಳೆದು ಹೊಡೆದುಹಾಕಿದ. ಕೆಳಗೆ ತನ್ನ ಹೆಸರು ಬರೆದು ಸಹಿ ಮಾಡಿ, ಕಾಗದವನ್ನು ಅಧ್ಯಕ್ಷರ ಮುಂದೆ ಸರಿಸಿದ.

ಕುಬೇರಪ್ಪ ಅದನ್ನು ಬಹಳ ಹೊತ್ತು ನೋಡಿದ. ಅವನ ಹೆಸರಿಗೆ ಉಳಿದಿದ್ದ ಜಾಗ ಮರೆವ್ವನ ಹೆಸರಿಗೆ ಅಂಟಿಕೊಂಡೇ ಇತ್ತು. ಅವಳು ಅವಸರ ಮಾಡಲಿಲ್ಲ. ಕೊನೆಗೆ ಅವನು ಪೆನ್ನು ತೆಗೆದುಕೊಂಡು ಸಹಿ ಮಾಡಿದ.

ಆಮೇಲೆ ಮರೆವ್ವ, ಮೊದಲಿನಿಂದ ಗಟ್ಟಿಯಾಗಿ ಓದಿ, ಸಹಿ ಮಾಡಿದಳು.