ಕಟ್ಟಿನಿಂದ ತೆಗೆದ ಹಾಳೆ

ನಾನು ನಿಂತಿದ್ದು ಹೊಳಲ್ಕೆರೆಯ ಶಾಲೆಯೊಂದರ ಜಗಲಿಯಲ್ಲಿ, ಬಾಗಿಲಿನಿಂದ ಎರಡನೆಯ ಕಿಟಕಿಯ ಹೊರಗೆ. ತುರ್ತು ಪರಿಸ್ಥಿತಿ ಜಾರಿಯಾದ ಮೇಲೆ ಬಂದ ಮೊದಲ ಬೇಸಿಗೆ ರಜೆ. ಬುಧವಾರ, ಬೆಳಿಗ್ಗೆ ಹನ್ನೊಂದರ ಚಹಾ ಬಿಡುವು. ಕೈಯಲ್ಲಿ ಲೋಟವಿತ್ತು. ಒಳಗಿನ ಮೇಜು ನನ್ನಿಂದ ಎಂಟು ಹೆಜ್ಜೆ ದೂರವಿದ್ದೀತು. ನಡುವೆ ಯಾರೂ ಅಡ್ಡ ಇರಲಿಲ್ಲ.

ಮಕ್ಕಳಿಂದ ಪ್ರಬಂಧ ಬರೆಸುವುದು ಹೇಗೆಂದು ಕನ್ನಡ ಮೇಷ್ಟ್ರುಗಳಿಗೆ ಕಲಿಸುವ ಶಿಬಿರ ಅದು. ಬೇರೆ ಜಿಲ್ಲೆಯಿಂದ ಬಂದಿದ್ದ ಉಪನ್ಯಾಸಕರು ಅಂದು ಬೆಳಿಗ್ಗೆ, "ಬರೆಯಲು ಕಲಿಸುವವರು ಮೊದಲು ತಾವು ಬರೆಯಬೇಕು. ನಿಮ್ಮ ಶಾಲೆಯಲ್ಲಿ ಕಣ್ಣಾರೆ ಕಂಡದ್ದೊಂದನ್ನು ಬರೆಯಿರಿ. ಕೆಳಗೆ ಹೆಸರು, ಊರು ಇರಲಿ" ಎಂದು ಹೇಳಿ ಹಾಳೆ ಹಂಚಿದರು.

ಹೆಸರು ಎಂದೊಡನೆ ಕೋಣೆ ತಣ್ಣಗಾಯಿತು.

"ಇದು ಪ್ರಬಂಧನೋ, ಪೊಲೀಸ್ ಹೇಳಿಕೆನೋ?" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಮುಂದಿನ ಬೆಂಚಿನಲ್ಲಿದ್ದ ಹಿರಿಯೂರಿನ ಮೇಷ್ಟ್ರು ನಮ್ಮಲ್ಲೆಲ್ಲ ಹಿರಿಯರು. ತಿರುಗದೆಯೇ ಹೇಳಿದರು: "ಶಾಲಾ ತೋಟ ಅಂತ ಬರ್ದು ಕೊಡ್ರಪ್ಪ. ಗಿಡ ಬಂದು ಸಾಕ್ಷಿ ಹೇಳಲ್ಲ."

ಎಲ್ಲರೂ ತೋಟವನ್ನೇ ಬರೆದೆವು. ನಾನೂ ಬರೆದೆ. ನನ್ನ ಶಾಲೆಗೆ ತೋಟ ಇರಲಿಲ್ಲ.

ತೋಟ ಬರೆಯದವನು ಒಬ್ಬನೇ. ಮತ್ತೋಡಿನ ಕಡೆಯ, ಕುರಿ ಸಾಕುವವರ ಮನೆಯಿಂದ ಬಂದ ತರುಣ. ನನ್ನ ಪಕ್ಕದಲ್ಲೇ ಕುಳಿತಿದ್ದ. ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಗಲು ಈ ಶಿಬಿರದ ಪ್ರಮಾಣಪತ್ರ ಬೇಕಿತ್ತು. ಕೊಡುವ ಮೊದಲು ತನ್ನ ಹಾಳೆಯನ್ನು ನನಗೆ ಓದಲು ಕೊಟ್ಟ. ತಪಾಸಣೆಗೆ ಮುಂಚೆ ಅವನ ಶಾಲೆಯಲ್ಲಿ ಏನು ನಡೆಯುತ್ತದೆಂದು ಬರೆದಿದ್ದ: ಹೆಡ್‌ಮಾಸ್ಟರು ಬೋರ್ಡಿನ ಮೇಲೆ ಪ್ರಬಂಧ ಬರೆಯುತ್ತಾರೆ, ಮಕ್ಕಳು ನಕಲು ಮಾಡುತ್ತಾರೆ. ಎಲ್ಲರದೂ ಸರಿಯಾದರೆ ಸಾಹೇಬರಿಗೆ ಅನುಮಾನ ಬರುತ್ತದೆಂದು ಆರು ಮಕ್ಕಳನ್ನು ಆರಿಸಿ, ಬೇಕೆಂದೇ ತಪ್ಪು ಬರೆಸುತ್ತಾರೆ. ಆಮೇಲೆ ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ.

ನಾವೆಲ್ಲರೂ ಮಾಡುತ್ತಿದ್ದದ್ದು ಅದನ್ನೇ.

"ಹಿಂಗೆಲ್ಲ ಬರೀಬಾರ್ದು ಕಣಪ್ಪ," ಎಂದೆ.

"ಕಂಡಿದ್ದು ಬರೀರಿ ಅಂದ್ರಲ್ಲ ಸಾರ್," ಎಂದ. ನಗುತ್ತಿದ್ದ.

ಹಿರಿಯೂರಿನವರು ಆಗ ತಿರುಗಿ ನಮ್ಮಿಬ್ಬರನ್ನೂ ನೋಡಿದರು.

ಉಪನ್ಯಾಸಕರು ಹಾಳೆಗಳನ್ನು ತೆಗೆದುಕೊಂಡು, ಓದದೆ, ದಾರ ಕಟ್ಟಿ ಮೇಜಿನ ಮೇಲಿಟ್ಟು ಚಹಾಕ್ಕೆ ಹೋದರು. ಕೋಣೆ ಖಾಲಿಯಾಯಿತು. ಹಿರಿಯೂರಿನವರು ಮಾತ್ರ ಒಳಗೆ ಉಳಿದರು. ದಾರ ಬಿಚ್ಚಿದರು, ಹುಡುಕಿದರು, ಒಂದು ಹಾಳೆ ತೆಗೆದು ಮಡಚಿ ಜೇಬಿಗಿಟ್ಟುಕೊಂಡರು. ದಾರವನ್ನು ಮತ್ತೆ ಕಟ್ಟಿದರು. ನನಗಿಂತ ಮುಂದೆ, ಬಾಗಿಲ ಪಕ್ಕದ ಕಿಟಕಿಯ ಬಳಿ, ಭರಮಸಾಗರದ ಶಿಕ್ಷಕಿ ನಿಂತಿದ್ದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಚಹಾ ಕುಡಿದು ಮುಗಿಸಿದೆ.

ಬಿಡುವಾದ ಮೇಲೆ ಉಪನ್ಯಾಸಕರು ಎಣಿಸಿದರು. ಒಂದು ಕಡಿಮೆ; ಹೆಸರು ನೋಡಿದರೆ ತರುಣನದು ಇರಲಿಲ್ಲ.

"ನಾನು ಕೊಟ್ಟೀನಿ ಸಾರ್," ಎಂದ ತರುಣ.

"ಹಾಗಾದರೆ ಎಲ್ಲಿದೆ?" ಎಂದರು ಅವರು. ಅವನನ್ನು ನಂಬಲಿಲ್ಲವೆಂದು ದನಿಯಲ್ಲೇ ಗೊತ್ತಾಯಿತು.

"ಹೋಗ್ಲಿ ಬಿಡ್ರಿ ಸಾರ್, ಇನ್ನೊಂದ್ಸಲ ಬರೀಲಿ," ಎಂದರು ಹಿರಿಯೂರಿನವರು. ಅವನ ಕಡೆ ಬಗ್ಗಿ, "ಲೇ, ತೋಟ ಬರಿಯೋ," ಎಂದರು.

ಅವನು ತೋಟ ಬರೆದ. ಪ್ರಮಾಣಪತ್ರ ಸಿಕ್ಕಿತು.

ಸಂಜೆ ನಲ್ಲಿಯ ಹತ್ತಿರ ಹಿರಿಯೂರಿನವರನ್ನು ಆ ಹಾಳೆಯ ಬಗ್ಗೆ ಕೇಳಿದೆ.

"ಅವನ ಅನ್ನ ಉಳಿಸ್ದೆ ಕಣಪ್ಪ. ಹರ್ದು ಹಾಕ್ದೆ."

"ಎಲ್ಲಿ ಹಾಕಿದ್ರಿ?"

"ನಿನಗ್ಯಾಕೆ ಅದು?"

ಮಳೆಗಾಲದಲ್ಲಿ ತಪಾಸಣೆಯ ಸಾಹೇಬರು ಆ ತರುಣನ ತರಗತಿಗೆ ನೇರವಾಗಿ ಹೋದರಂತೆ. ಪುಸ್ತಕ ತೆರೆಯುವ ಮೊದಲೇ, "ಈ ಸಲ ತಪ್ಪು ಬರೆಯೋ ಆರು ಮಂದಿ ಯಾರಪ್ಪ?" ಎಂದು ಕೇಳಿದರಂತೆ. ಹೆಡ್‌ಮಾಸ್ಟರು ತಮಗೇನೂ ಗೊತ್ತಿಲ್ಲವೆಂದರು. ತರುಣನ ಕೆಲಸ ಹೋಯಿತು.

ಅವನು ನನ್ನನ್ನು ಹುಡುಕಿಕೊಂಡು ಚಿತ್ರದುರ್ಗಕ್ಕೆ ಬಂದ. ಕುಳಿತುಕೊಳ್ಳಲಿಲ್ಲ.

"ಆ ಹಾಳೆ ಓದಿದ್ದು ನೀವೊಬ್ರೆ ಸಾರ್."

ಹಿರಿಯೂರಿನವರ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ನನ್ನ ಶಾಲೆಯ ಪುಸ್ತಕಗಳನ್ನೂ ಯಾರಾದರೂ ತೆರೆದಾರು ಎಂದು ಹೆದರಿದೆ. "ನಾನು ಯಾರಿಗೂ ಹೇಳಿಲ್ಲ. ಹೊರಗೆ ಚಹಾ ಕುಡೀತಿದ್ದೆ," ಎಂದೆ. ಎರಡೂ ನಿಜ. ಅವನು ನಂಬದೆ ಹೋದ. ನಂಬಬೇಕಾಗಿಯೂ ಇರಲಿಲ್ಲ.

ಹಾಳೆ ಸಾಹೇಬರಿಗೆ ಮುಟ್ಟಿತೋ, ಮಾತಷ್ಟೇ ಮುಟ್ಟಿತೋ, ನನಗೆ ಇಂದಿಗೂ ಗೊತ್ತಿಲ್ಲ. ಹಿರಿಯೂರಿನವರು ತೀರಿಕೊಂಡು ವರ್ಷಗಳಾದವು. ಆ ತರುಣ ಎಲ್ಲಿದ್ದಾನೋ ತಿಳಿಯದು. ನನ್ನ ಹೊರತು ಹಾಳೆ ತೆಗೆದದ್ದನ್ನು ಕಂಡವರು ಆ ಶಿಕ್ಷಕಿಯೊಬ್ಬರೇ. ಭರಮಸಾಗರದಲ್ಲೇ, ಮಗಳ ಮನೆಯಲ್ಲಿದ್ದಾರೆ. ಕಳೆದ ವಾರ ಹೋಗಿ ಈ ಬರಹವನ್ನು ಓದಿ ಹೇಳಿದೆ. ಕೇಳಿ ಒಂದೇ ಮಾತು ಸೇರಿಸಿದರು: "ಜೇಬಿಗೆ ಇಟ್ಕಳೋ ಮುಂಚೆ ನಿಂತು ಪೂರಾ ಓದಿದ್ರು. ಅದನ್ನೂ ಬರ್ಕಳ್ರಿ." ಆ ಗಳಿಗೆಯಲ್ಲಿ ನನ್ನ ಕಿಟಕಿಯಿಂದ ಹಿರಿಯೂರಿನವರ ಬೆನ್ನು ಮಾತ್ರ ಕಾಣುತ್ತಿತ್ತು.